ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುವುದೇಕೆ?

ನಿವೃತ್ತ ಉಪನ್ಯಾಸಕರೊಬ್ಬರು ಭಾನುವಾರ ಬೆಳಿಗ್ಗೆ ಮನೆಯ ಹಳೆಯ ಕಂಪ್ಯೂಟರನ್ನು ಹಗುರ ಮಾಡಲು ಕೂತರು ಎಂದುಕೊಳ್ಳೋಣ. ಅವರು ತಮ್ಮ ಜಿಮೇಲ್ ಪತ್ರಗಳನ್ನು ಓದುವುದು ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ. ಪರದೆಯ ಎಡಬದಿಯಲ್ಲಿ ಫೋಲ್ಡರ್‌ಗಳ ಸಾಲು: ಇನ್‌ಬಾಕ್ಸ್, ವಿದ್ಯಾರ್ಥಿಗಳು, ಬ್ಯಾಂಕು, ಮಗಳ ಪತ್ರಗಳು. ಹತ್ತು ವರ್ಷದ ಪತ್ರಗಳು ಕಂಪ್ಯೂಟರಿನ ಜಾಗ ತಿನ್ನುತ್ತಿವೆ, ಹೇಗೂ ಅಸಲು ಪ್ರತಿ ಇಂಟರ್ನೆಟ್ಟಿನಲ್ಲಿ ಇದ್ದೇ ಇದೆಯಲ್ಲ ಎಂದು ‘ಮಗಳ ಪತ್ರಗಳು’ ಫೋಲ್ಡರನ್ನು ಪೂರ್ತಿ ಖಾಲಿ ಮಾಡಿದರು. ಮಧ್ಯಾಹ್ನ ಫೋನಿನಲ್ಲಿ ಅದೇ ಫೋಲ್ಡರ್ ತೆರೆದರೆ ಅಲ್ಲೂ ಖಾಲಿ. ಬ್ರೌಸರಿನಲ್ಲೂ ಖಾಲಿ.

ಅದೇ ಬೀದಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮಹಿಳೆಯೊಬ್ಬರದು ಇದಕ್ಕೆ ತದ್ವಿರುದ್ಧವಾದ ಪಾಡು. ಅವರದು ಕಚೇರಿಯ ಸ್ವಂತ ಇಮೇಲ್ ವಿಳಾಸ. ಗಿರಾಕಿಗಳಿಂದ ಬಂದ ತೆರಿಗೆ ಕಾಗದಗಳನ್ನೆಲ್ಲ ಮನೆಯ ಕಂಪ್ಯೂಟರಿನಲ್ಲಿ ‘ತೆರಿಗೆ’ ಎಂಬ ಹೊಸ ಫೋಲ್ಡರಿಗೆ ಅಚ್ಚುಕಟ್ಟಾಗಿ ಎಳೆದು ಹಾಕಿದರು. ಮರುದಿನ ಗಿರಾಕಿಯ ಅಂಗಡಿಯಲ್ಲಿ ಕೂತು ಬ್ರೌಸರಿನಲ್ಲಿ ಇಮೇಲ್ ತೆರೆದರೆ ಆ ಫೋಲ್ಡರೂ ಇಲ್ಲ, ಇನ್‌ಬಾಕ್ಸಿನಲ್ಲಿದ್ದ ಪತ್ರಗಳೂ ಇಲ್ಲ.

ಇಬ್ಬರೂ ಬಳಸಿದ್ದು ಒಂದೇ ತಂತ್ರಾಂಶ. ಇಬ್ಬರ ಪರದೆಯ ಮೇಲೂ ಫೋಲ್ಡರಿನ ಚಿತ್ರ ಒಂದೇ. ಒಬ್ಬರು ಒಂದು ಕಡೆ ಮುಟ್ಟಿದ್ದು ಎಲ್ಲ ಕಡೆಯೂ ಆಯಿತು. ಇನ್ನೊಬ್ಬರು ಮಾಡಿದ ಫೋಲ್ಡರು ಒಂದು ಕಡೆ ಬಿಟ್ಟು ಬೇರೆಲ್ಲೂ ಇಲ್ಲ. ಇಮೇಲ್ ಬಳಸುವ ಹೆಚ್ಚಿನವರು ಈ ಎರಡರಲ್ಲಿ ಒಂದನ್ನಾದರೂ ಕಂಡಿರುತ್ತಾರೆ, ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ಸುಮ್ಮನಾಗಿರುತ್ತಾರೆ. ಯಾವುದೂ ಕೆಟ್ಟಿಲ್ಲ. ಒಂದೇ ಚಿತ್ರದ ಹಿಂದೆ ಎರಡು ಬೇರೆ ಬೇರೆ ವಸ್ತುಗಳಿವೆ, ಅಷ್ಟೆ. ಅವು ಬೇರೆಯಾದದ್ದಕ್ಕೆ ನಲವತ್ತು ವರ್ಷಗಳ ಹಿನ್ನೆಲೆಯಿದೆ.

ಚೀಲದಲ್ಲಿ ತುಂಬಿಕೊಂಡು ಬರುವ ಅಂಚೆ

ಇಮೇಲ್ ನೇರವಾಗಿ ಯಾರ ಮನೆಗೂ ಬರುವುದಿಲ್ಲ. ಹಗಲು ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿಗೆ, ಅಂದರೆ ಸರ್ವರಿಗೆ ಬಂದು ಕೂರುತ್ತದೆ. ಅಲ್ಲಿಂದ ಅದನ್ನು ನೋಡುವುದು ಹೇಗೆ ಎಂಬುದೇ ಪ್ರಶ್ನೆ.

ಮೊದಲು ಚಲಾವಣೆಗೆ ಬಂದ ಉತ್ತರ ಸರಳವಾದದ್ದು: ಹೋಗಿ, ತುಂಬಿಕೊಂಡು ಬಾ. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಇಟ್ಟುಕೊಂಡವರು ದಿನಕ್ಕೊಮ್ಮೆ ಹೋಗಿ ಬೀಗ ತೆಗೆದು, ಇದ್ದಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವ ಹಾಗೆ. ಪಾಪ್ ಎಂಬ ಹೆಸರಿನ ಈ ಪದ್ಧತಿಯ ಮೊದಲ ವಿವರಣೆ ಪ್ರಕಟವಾದದ್ದು 1984ರಲ್ಲಿ. ಇಂದಿಗೂ ಉಳಿದಿರುವ ಅದರ ಮೂರನೇ ರೂಪ ಬಂದದ್ದು 1988ರಲ್ಲಿ. ಇದರಲ್ಲಿ ಕಂಪ್ಯೂಟರು ಸರ್ವರಿಗೆ ಹೇಳಬಲ್ಲ ಮಾತುಗಳು ಬೆರಳೆಣಿಕೆಯಷ್ಟು: ಎಷ್ಟು ಪತ್ರಗಳಿವೆ, ಇಂತಿಷ್ಟನೆಯದು ಕೊಡು, ಅದನ್ನು ಅಳಿಸು, ಹೊರಟೆ.

ಆ ಕಾಲಕ್ಕೆ ಇದು ತಕ್ಕ ಪದ್ಧತಿಯೇ ಆಗಿತ್ತು. ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮೋಡೆಮ್ ಕಿರುಚಿಕೊಂಡು ಸಂಪರ್ಕ ಸಿಕ್ಕರೆ ಮನೆಯ ಫೋನು ಅಷ್ಟು ಹೊತ್ತೂ ಎಂಗೇಜ್. ನಿಮಿಷ ನಿಮಿಷಕ್ಕೂ ದುಡ್ಡು. ಬೇಗ ಹೋಗಿ, ಪತ್ರ ಇಳಿಸಿಕೊಂಡು, ಲೈನ್ ಕತ್ತರಿಸಿ, ಆಮೇಲೆ ನಿಧಾನವಾಗಿ ಓದುವುದೇ ಜಾಣತನ.

ಆದರೆ ಪಾಪ್‌ನ ಆ ಬೆರಳೆಣಿಕೆಯ ಮಾತುಗಳಲ್ಲಿ ‘ಫೋಲ್ಡರ್’ ಎಂಬ ಪದವೇ ಇಲ್ಲ. ಪೋಸ್ಟ್ ಬಾಕ್ಸಿನೊಳಗೆ ಖಾನೆಗಳಿಲ್ಲ, ಇರುವುದು ಒಂದೇ ಗೂಡು. ಪತ್ರಗಳನ್ನು ವಿಂಗಡಿಸಿ ಜೋಡಿಸುವುದೇನಿದ್ದರೂ ಮನೆಗೆ ಬಂದ ಮೇಲೆ, ಮನೆಯ ಬೀರುವಿನಲ್ಲಿ. ಆ ಬೀರು ಅಂಚೆ ಕಚೇರಿಗೆ ಗೊತ್ತಿಲ್ಲ. ಹೀಗಾಗಿ ಅಂದಿನ ತಂತ್ರಾಂಶಗಳ ಎಡಬದಿಯಲ್ಲಿ ಕಾಣುತ್ತಿದ್ದ ಫೋಲ್ಡರ್‌ಗಳು ಪೂರ್ತಿಯಾಗಿ ಆ ಕಂಪ್ಯೂಟರಿನವು. ಫೋಲ್ಡರ್ ಎಂದರೆ ‘ನನ್ನ ಯಂತ್ರದೊಳಗಿನ ಪೆಟ್ಟಿಗೆ’ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರು ಬಿಟ್ಟದ್ದು ಹೀಗೆ. ಪದ್ಧತಿ ಬದಲಾಯಿತು, ಭಾವನೆ ಬದಲಾಗಲಿಲ್ಲ. ಉಪನ್ಯಾಸಕರು ಎಡವಿದ್ದು ಇಲ್ಲೇ.

‘ತಾತ್ಕಾಲಿಕ’ ಎಂದು ಹುಟ್ಟಿದ್ದು

ಎರಡನೆಯ ಉತ್ತರ ಹುಟ್ಟಿದ್ದು 1986ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಯೋಚಿಸಿದ್ದು ಹೀಗೆ: ಪತ್ರಗಳನ್ನು ಹೊತ್ತು ತರುವುದೇಕೆ? ಅವು ಸರ್ವರಿನಲ್ಲೇ ಇರಲಿ, ಯಾವ ಯಂತ್ರದಿಂದ ಬೇಕಾದರೂ ಹೋಗಿ ನೋಡುವಂತಾಗಲಿ, ವಿಂಗಡಣೆಯ ಖಾನೆಗಳೂ ಅಲ್ಲೇ ಇರಲಿ. ಇದರ ಮೊದಲ ರೂಪ ನಡೆದದ್ದು ಜೆರಾಕ್ಸ್ ಸಂಸ್ಥೆಯ ಲಿಸ್ಪ್ ಯಂತ್ರಗಳ ಮತ್ತು ಟಾಪ್ಸ್-20 ಎಂಬ ಕಾರ್ಯಾಚರಣೆ ವ್ಯವಸ್ಥೆಯ ಸರ್ವರಿನ ನಡುವೆ. ಪದ್ಧತಿಗೆ ಐಮ್ಯಾಪ್ ಎಂದು ಹೆಸರಾಯಿತು. ಅದರ ಮೊದಲ ಅಕ್ಷರ ಆಗ ಸೂಚಿಸುತ್ತಿದ್ದ ಇಂಗ್ಲಿಷ್ ಪದ ‘ಇಂಟರಿಮ್’, ಅಂದರೆ ತಾತ್ಕಾಲಿಕ. ಮುಂದೆ ಅದನ್ನು ‘ಇಂಟರಾಕ್ಟಿವ್’ ಎಂದೂ ಕೊನೆಗೆ ‘ಇಂಟರ್ನೆಟ್’ ಎಂದೂ ಓದಿದರು. 1994ರಲ್ಲಿ ನಾಲ್ಕನೇ ರೂಪ ಬಂತು, 2003ರಲ್ಲಿ ಅದರ ತಿದ್ದಿದ ವಿವರಣೆ, 2021ರಲ್ಲಿ ಮತ್ತೊಂದು ಪರಿಷ್ಕರಣೆ. ಕ್ರಿಸ್ಪಿನ್ 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ತಾತ್ಕಾಲಿಕವೆಂದು ಕಟ್ಟಿದ ಪದ್ಧತಿಯ ಮೇಲೆ ಜಗತ್ತಿನ ಅಂಚೆಯ ದೊಡ್ಡ ಭಾಗ ಇವತ್ತಿಗೂ ನಿಂತಿದೆ. ಬೆಂಗಳೂರಿನ ಕಾಲೇಜಿನಿಂದ ಹಿಡಿದು ಆಸ್ಪತ್ರೆ, ಬ್ಯಾಂಕಿನವರೆಗೆ ಎಷ್ಟೋ ಕಡೆ ದಿನವೂ ಅವರ ಕೆಲಸವನ್ನು ಬಳಸುವವರಿದ್ದಾರೆ, ಹೆಸರು ಬಲ್ಲವರು ಕಡಿಮೆ.

ಈ ನಡುವೆ ಅಂಚೆ ಬ್ರೌಸರಿಗೂ ಬಂತು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಆರಂಭಿಸಿದ್ದು 1996ರ ಜುಲೈ 4ರಂದು. ತಂತ್ರಾಂಶ ಹಾಕಿಕೊಳ್ಳುವ ಗೊಡವೆಯಿಲ್ಲ. ಸೈಬರ್ ಕೆಫೆಯಲ್ಲಿ ಕೂತರೂ ಪತ್ರ ಸಿಗುತ್ತಿತ್ತು. ಇದೇ ವೆಬ್‌ಮೇಲ್.

ಪಾಸ್‌ಬುಕ್ ಮತ್ತು ಲೆಡ್ಜರ್

ಐಮ್ಯಾಪ್ ಕೆಲಸ ಮಾಡುವ ಬಗೆ ಅರ್ಥವಾಗಬೇಕಾದರೆ ಬ್ಯಾಂಕಿನ ಪಾಸ್‌ಬುಕ್ ನೆನೆಸಿಕೊಂಡರೆ ಸಾಕು. ಹಣ ಇರುವುದು ಪಾಸ್‌ಬುಕ್ಕಿನಲ್ಲಲ್ಲ. ಅಸಲು ಲೆಕ್ಕ ಬ್ಯಾಂಕಿನ ಲೆಡ್ಜರಿನಲ್ಲಿದೆ. ಮನೆಯಲ್ಲಿರುವುದು ಅದರ ನಕಲು. ಎಂಟ್ರಿ ಹಾಕಿಸಿಕೊಂಡ ದಿನ ಎರಡೂ ಒಂದೇ. ಅಲ್ಲಿಂದ ಮುಂದೆ ವ್ಯತ್ಯಾಸ ಬಂದರೆ ಗೆಲ್ಲುವುದು ಯಾವಾಗಲೂ ಲೆಡ್ಜರೇ.

ಕಂಪ್ಯೂಟರಿನ ಅಂಚೆ ತಂತ್ರಾಂಶದಲ್ಲಿ ಕಾಣುವ ‘ಮಗಳ ಪತ್ರಗಳು’ ಒಂದು ಪಾಸ್‌ಬುಕ್. ಲೆಡ್ಜರ್ ಸರ್ವರಿನಲ್ಲಿದೆ. ಆದರೆ ಈ ಪಾಸ್‌ಬುಕ್ಕಿಗೆ ಕಾಗದದ ಪಾಸ್‌ಬುಕ್ಕಿಗಿಲ್ಲದ ಒಂದು ಗುಣವಿದೆ: ಇದರ ಮೇಲೆ ಏನು ಗೀಚಿದರೂ ಅದು ತಕ್ಷಣ ಬ್ಯಾಂಕಿಗೆ ಅರ್ಜಿಯಾಗಿ ಹೋಗುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ ‘ಹೆಸರು ಬದಲಿಸಿ’ ಎಂಬ ಅರ್ಜಿ. ಪತ್ರ ಎಳೆದು ಬೇರೆ ಕಡೆ ಹಾಕಿದರೆ ‘ಇದನ್ನು ಆ ಖಾನೆಗೆ ದಾಟಿಸಿ’ ಎಂಬ ಅರ್ಜಿ. ಸರ್ವರು ಒಪ್ಪಿ ಲೆಡ್ಜರ್ ತಿದ್ದುತ್ತದೆ. ಫೋನು ತನ್ನ ಪಾಸ್‌ಬುಕ್ ತಾಳೆ ನೋಡಿಕೊಂಡಾಗ ಹೊಸ ಲೆಕ್ಕ ಅಲ್ಲೂ ಮೂಡುತ್ತದೆ. ಇಂಗ್ಲಿಷಿನಲ್ಲಿ ಸಿಂಕ್ ಎನ್ನುವುದು ಈ ತಾಳೆ ನೋಡುವ ಕೆಲಸವನ್ನೇ.

ತಾಳೆ ನೋಡುವುದು ಹೇಗೆ? ಪ್ರತಿ ಸಲವೂ ಹತ್ತು ಸಾವಿರ ಪತ್ರಗಳನ್ನು ಓದಿ ಹೋಲಿಸುತ್ತ ಕೂರಲಾಗದು. ಅದಕ್ಕೆ ಸರ್ವರು ಫೋಲ್ಡರಿಗೆ ಬಂದು ಸೇರುವ ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಸಂಖ್ಯೆಗಳು ಏರುತ್ತಲೇ ಹೋಗುತ್ತವೆ. 57ನೆಯ ಪತ್ರ ಅಳಿದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಜೊತೆಗೆ ಪ್ರತಿ ಪತ್ರದ ಎದುರು ಕೆಲವು ಗುರುತುಗಳು: ಓದಿದ್ದು, ಉತ್ತರ ಬರೆದದ್ದು, ಮುಖ್ಯವಾದದ್ದು, ಕರಡು, ಅಳಿಸಬೇಕಾದದ್ದು. ಅಂಚೆ ತಂತ್ರಾಂಶ ಫೋಲ್ಡರ್ ತೆರೆದಾಗ ಕೇಳುವುದು ಇಷ್ಟೇ: ‘ನನ್ನಲ್ಲಿ 4,210ರವರೆಗೆ ಇದೆ. ಮುಂದಿನವು ಬಂದಿದ್ದರೆ ಕೊಡು. ಹಳೆಯವುಗಳ ಗುರುತು ಬದಲಾಗಿದ್ದರೆ ಹೇಳು. ಯಾವುದಾದರೂ ಇಲ್ಲವಾಗಿದ್ದರೆ ಅದನ್ನೂ ಹೇಳು.’ ಯಾವ ಸಂಖ್ಯೆ ಲೆಡ್ಜರಿನಲ್ಲಿ ಇಲ್ಲವೋ ಆ ಪತ್ರವನ್ನು ತಂತ್ರಾಂಶ ತನ್ನಲ್ಲೂ ತೆಗೆದುಹಾಕುತ್ತದೆ. ಮರುಪ್ರಶ್ನೆ ಇಲ್ಲ.

ಕರಾವಳಿಯಲ್ಲಿ ಹುಟ್ಟಿದ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದಾಗ ಹಳೆಯ ಪಾಸ್‌ಬುಕ್ ಪಕ್ಕಕ್ಕಿಟ್ಟು ಹೊಸದು ಪಡೆಯಬೇಕಾದದ್ದು ಅನೇಕರಿಗೆ ನೆನಪಿರಬಹುದು. ಇಮೇಲ್ ಫೋಲ್ಡರಿಗೂ ಇಂಥ ದಿನ ಬರುತ್ತದೆ. ಸಂಸ್ಥೆಯವರು ಸರ್ವರ್ ಬದಲಿಸಿ ಹೊಸದಾಗಿ ಸಂಖ್ಯೆ ಕೊಟ್ಟರೆ ಹಳೆಯ 57 ಈಗಿನ 57 ಅಲ್ಲ. ಆಗ ಮೋಸ ಹೋಗದಿರಲೆಂದು ಪ್ರತಿ ಫೋಲ್ಡರಿಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಅದು ಬದಲಾದದ್ದು ಕಂಡರೆ ತಂತ್ರಾಂಶ ಹಳೆಯ ನಕಲನ್ನೆಲ್ಲ ಬಿಸಾಡಿ ಮೊದಲಿಂದ ಇಳಿಸಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಯಾವ ಕಾರಣವೂ ಕಾಣದೆ ಇಡೀ ಫೋಲ್ಡರು ಮತ್ತೆ ಡೌನ್‌ಲೋಡ್ ಆಗತೊಡಗಿದರೆ ಹೆಚ್ಚಾಗಿ ನಡೆದಿರುವುದು ಇದೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ವೆಬ್‌ಮೇಲ್ ಅಸಲು, ಡೆಸ್ಕ್‌ಟಾಪ್ ನಕಲು ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅನೇಕ ವಿಶ್ವವಿದ್ಯಾಲಯಗಳೂ ಸಣ್ಣ ಸಂಸ್ಥೆಗಳೂ ಬಳಸುವ ರೌಂಡ್‌ಕ್ಯೂಬ್ ಎಂಬ ವೆಬ್‌ಮೇಲ್ ಹಿಂದಿನಿಂದ ಸರ್ವರಿನ ಜೊತೆ ಮಾತಾಡುವುದು ಇದೇ ಐಮ್ಯಾಪ್ ಭಾಷೆಯಲ್ಲಿ. ಅಂದರೆ ಬ್ರೌಸರಿನಲ್ಲಿ ಕಾಣುವುದೂ ಲೆಡ್ಜರಿನ ಒಂದು ನೋಟ ಅಷ್ಟೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಇರುವ ಕಚೇರಿಗಳಲ್ಲಿ ಔಟ್‌ಲುಕ್ ಆಡುವ ಭಾಷೆ ಬೇರೆ, ತತ್ವ ಇದೇ.

ಮೊದಲು ಗುರುತು, ಆಮೇಲೆ ಕಡಿತಲೆ

ಅಳಿಸುವುದು ಒಂದೇ ಏಟಿನ ಕೆಲಸ ಎಂದು ಕಾಣುತ್ತದೆ. ಐಮ್ಯಾಪ್‌ನಲ್ಲಿ ಅದು ಎರಡು ಹಂತದ್ದು.

ಮಲೆನಾಡಿನಲ್ಲಿ ಅರಣ್ಯ ಇಲಾಖೆ ಮರ ಕಡಿಸುವ ರೀತಿ ನೋಡಿದವರಿಗೆ ಇದು ಸುಲಭ. ಮೊದಲು ಬಂದು ಕಡಿಯಬೇಕಾದ ಮರಗಳಿಗೆ ಗುರುತು ಹಾಕಿ ಹೋಗುತ್ತಾರೆ. ಗುರುತು ಬಿದ್ದ ಮರವೂ ನಿಂತೇ ಇರುತ್ತದೆ, ಚಿಗುರುತ್ತಲೂ ಇರುತ್ತದೆ. ಕಡಿತಲೆ ನಡೆಯುವುದು ಇನ್ನೊಂದು ದಿನ. ಅದೇ ರೀತಿ ಪತ್ರಕ್ಕೆ ಮೊದಲು ‘ಅಳಿಸಬೇಕಾದದ್ದು’ ಎಂಬ ಗುರುತು ಬೀಳುತ್ತದೆ. ಆಮೇಲೆ ಎಕ್ಸ್‌ಪಂಜ್ ಎಂಬ ಪ್ರತ್ಯೇಕ ಆಜ್ಞೆ ಹೋದಾಗ ಆ ಫೋಲ್ಡರಿನಲ್ಲಿ ಗುರುತು ಬಿದ್ದವೆಲ್ಲ ಉರುಳುತ್ತವೆ. ನಡುವೆ ಮನಸ್ಸು ಬದಲಾದರೆ ಗುರುತು ಅಳಿಸಿದರಾಯಿತು, ಪತ್ರ ಉಳಿಯಿತು. ಕೆಲವು ತಂತ್ರಾಂಶಗಳಲ್ಲಿ ಅಳಿಸಿದ ಪತ್ರ ಮಾಯವಾಗದೆ ಮೈಮೇಲೆ ಗೆರೆ ಎಳೆಸಿಕೊಂಡು ಅಲ್ಲೇ ಕೂತಿರುವುದು ಇದರಿಂದಲೇ.

ಪತ್ರವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆಯುವುದು ಇನ್ನೂ ಸ್ವಾರಸ್ಯದ್ದು. ಬಹುಕಾಲ ಐಮ್ಯಾಪ್‌ನಲ್ಲಿ ‘ಸಾಗಿಸು’ ಎಂಬ ಆಜ್ಞೆಯೇ ಇರಲಿಲ್ಲ. ತಂತ್ರಾಂಶ ಮಾಡುತ್ತಿದ್ದದ್ದು: ಹೊಸ ಫೋಲ್ಡರಿನಲ್ಲಿ ಒಂದು ನಕಲು ಮಾಡು, ಹಳೆಯದಕ್ಕೆ ಗುರುತು ಹಾಕು, ಹಳೆಯದನ್ನು ಕಡಿ. ಮೂರು ಹೆಜ್ಜೆ. ಮೊದಲ ಹೆಜ್ಜೆ ಆದ ಮೇಲೆ ಕರೆಂಟು ಹೋದರೆ? ಪತ್ರ ಎರಡು ಕಡೆ ಉಳಿಯುತ್ತದೆ. ಸಾವಿರ ಪತ್ರಗಳನ್ನು ಒಟ್ಟಿಗೆ ಎಳೆದಾಗ ಕೆಲವು ಜೋಡಿಯಾಗುವುದರ ಗುಟ್ಟು ಇಲ್ಲಿದೆ. ಕಳೆದುಹೋಗುವುದಕ್ಕಿಂತ ಜೋಡಿಯಾಗುವುದು ಮೇಲು ಎಂಬ ಎಚ್ಚರಿಕೆ ಆ ಹೆಜ್ಜೆಗಳ ಅನುಕ್ರಮದಲ್ಲೇ ಅಡಗಿದೆ. ಇದು ಮೆಚ್ಚಬೇಕಾದ ವಿನ್ಯಾಸ. ಒಂದೇ ಹೆಜ್ಜೆಯ ‘ಸಾಗಿಸು’ ಆಜ್ಞೆಗೆ ವಿವರಣೆ ಬಂದದ್ದು 2013ರ ಜನವರಿಯಲ್ಲಿ. ಈಗಿನ ಬಹಳಷ್ಟು ಸರ್ವರ್‌ಗಳು ಅದನ್ನು ಬಲ್ಲವು.

ಹಾಗಾದರೆ ಅಳಿಸಿದ ಮೇಲೂ ಕಂಪ್ಯೂಟರಿನಲ್ಲಿ ಜಾಗ ಖಾಲಿಯಾಗದಿರುವುದೇಕೆ? ಇಲ್ಲಿ ಕಾರಣ ಸರ್ವರಲ್ಲ, ಥಂಡರ್‌ಬರ್ಡ್ ತನ್ನ ನಕಲು ಇಟ್ಟುಕೊಳ್ಳುವ ಬಗೆ. ಅದು ವಾಡಿಕೆಯಾಗಿ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಒಂದರ ಹಿಂದೊಂದರಂತೆ ಒಂದೇ ಉದ್ದನೆಯ ಕಡತದಲ್ಲಿ ಬರೆದಿಡುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದ ಮಾತ್ರಕ್ಕೆ ಪುಸ್ತಕ ತೆಳ್ಳಗಾಗುವುದಿಲ್ಲವಷ್ಟೆ? ಹಾಗೆಯೇ ಅಳಿಸಿದ ಪತ್ರವೂ ಕಡತದಲ್ಲಿ ಕೂತೇ ಇರುತ್ತದೆ. ‘ಕಾಂಪ್ಯಾಕ್ಟ್’ ಎಂಬ ಆಜ್ಞೆ ಕೊಟ್ಟಾಗ, ಅಥವಾ ತಂತ್ರಾಂಶವೇ ಆ ಕೆಲಸಕ್ಕಿಳಿದಾಗ, ಗೆರೆ ಬೀಳದ ಸಾಲುಗಳನ್ನು ಮಾತ್ರ ಹೊಸ ಪುಸ್ತಕಕ್ಕೆ ಎತ್ತಿ ಬರೆದು ಹಳೆಯದನ್ನು ಎಸೆಯುತ್ತದೆ. ಉಪನ್ಯಾಸಕರಿಗೆ ಬೇಕಿದ್ದದ್ದು ಜಾಗ. ಅವರು ಮಾಡಬೇಕಿದ್ದದ್ದು ಇಷ್ಟು, ಇಲ್ಲವೇ ‘ಈ ಫೋಲ್ಡರಿನ ಪತ್ರಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡ’ ಎಂಬ ಆಯ್ಕೆ. ಪತ್ರ ಅಳಿಸುವ ಅಗತ್ಯವೇ ಇರಲಿಲ್ಲ.

ಒಬ್ಬರೇ ಅತ್ತೆ, ಅವರೇ ಚಿಕ್ಕಮ್ಮ

ಇಷ್ಟರವರೆಗೆ ಎಲ್ಲ ಸಲೀಸು. ತೊಡಕಾಗುವುದು ಜಿಮೇಲ್ ಬಂದಾಗ, ಯಾಕೆಂದರೆ ಜಿಮೇಲ್‌ನೊಳಗೆ ಬಳಕೆದಾರರು ಮಾಡುವ ಫೋಲ್ಡರ್‌ಗಳೇ ಇಲ್ಲ.

2004ರ ಏಪ್ರಿಲ್ 1ರಂದು ಗೂಗಲ್ ಜಿಮೇಲ್ ಪ್ರಕಟಿಸಿದಾಗ ಅದು ಕೊಟ್ಟ ಜಾಗ 1 ಜಿಬಿ. ಹಾಟ್‌ಮೇಲ್ ಆಗ ಕೊಡುತ್ತಿದ್ದದ್ದು ಕೆಲವೇ ಎಂಬಿ. ಅಳಿಸಬೇಡಿ, ಹುಡುಕಿ ತೆಗೆಯಿರಿ ಎಂಬುದು ಅದರ ಧೋರಣೆ. ಪತ್ರಗಳೆಲ್ಲ ಒಂದೇ ದೊಡ್ಡ ರಾಶಿಯಲ್ಲಿ. ಒಂದೊಂದರ ಮೇಲೂ ಬೇಕಾದಷ್ಟು ಚೀಟಿಗಳು. ಜಿಮೇಲ್ ಇದನ್ನು ಲೇಬಲ್ ಎನ್ನುತ್ತದೆ. ಇನ್‌ಬಾಕ್ಸ್ ಎಂಬುದೂ ಅಲ್ಲೊಂದು ಚೀಟಿ ಮಾತ್ರ.

ಕೂಡುಕುಟುಂಬದ ಸರೋಜಮ್ಮನವರನ್ನು ನೆನೆಯಿರಿ. ಒಬ್ಬರಿಗೆ ಅವರು ಅತ್ತೆ, ಇನ್ನೊಬ್ಬರಿಗೆ ಚಿಕ್ಕಮ್ಮ, ಮತ್ತೊಬ್ಬರಿಗೆ ಅತ್ತಿಗೆ. ಮನೆಯಲ್ಲಿ ಮೂರು ಜನ ಹೆಂಗಸರಿದ್ದಾರೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಜಿಮೇಲ್‌ನಲ್ಲಿ ‘ಬ್ಯಾಂಕು’ ಮತ್ತು ‘ಮಗಳು’ ಎಂಬ ಎರಡು ಚೀಟಿ ಹೊತ್ತ ಪತ್ರ ಸರೋಜಮ್ಮನವರ ಹಾಗೆ, ಒಂದೇ.

ಆದರೆ ಐಮ್ಯಾಪ್‌ಗೆ ಗೊತ್ತಿರುವುದು ಫೋಲ್ಡರ್ ಮಾತ್ರ. 2007ರ ಅಕ್ಟೋಬರಿನಲ್ಲಿ ಜಿಮೇಲ್ ಐಮ್ಯಾಪ್‌ಗೆ ಬಾಗಿಲು ತೆರೆದಾಗ ಪ್ರತಿ ಚೀಟಿಯನ್ನೂ ಒಂದು ಫೋಲ್ಡರ್ ಎಂದು ಅನುವಾದಿಸಿ ತೋರಿಸಬೇಕಾಯಿತು. ಅನುವಾದದಲ್ಲಿ ಸರೋಜಮ್ಮ ಮೂವರಾದರು. ‘ಬ್ಯಾಂಕು’ ಫೋಲ್ಡರಿನಲ್ಲೂ ಅದೇ ಪತ್ರ, ‘ಮಗಳು’ ಫೋಲ್ಡರಿನಲ್ಲೂ ಅದೇ, ಇಡೀ ರಾಶಿಯನ್ನು ತೋರಿಸುವ ‘ಆಲ್ ಮೇಲ್’ ಫೋಲ್ಡರಿನಲ್ಲೂ ಅದೇ. ಎಲ್ಲವನ್ನೂ ಇಳಿಸಿಟ್ಟುಕೊಳ್ಳುವ ತಂತ್ರಾಂಶವಾದರೆ ಡಿಸ್ಕಿನ ಜಾಗ ತುಂಬುವುದೂ ಇದೇ ಲೆಕ್ಕದಲ್ಲಿ. ಜಿಮೇಲ್‌ನ ಲೇಬಲ್ ಸೆಟ್ಟಿಂಗ್‌ಗಳಲ್ಲಿ ಪ್ರತಿ ಚೀಟಿಯ ಎದುರೂ ‘ಐಮ್ಯಾಪ್‌ನಲ್ಲಿ ತೋರಿಸು’ ಎಂಬ ಚೌಕವಿದೆ. ‘ಆಲ್ ಮೇಲ್’ ಎದುರಿನ ಗುರುತನ್ನು ತೆಗೆದರೆ ಹೊರೆ ತುಂಬ ಇಳಿಯುತ್ತದೆ.

ಅಳಿಸುವಾಗ ಈ ಅನುವಾದ ಇನ್ನೂ ವಿಚಿತ್ರ ಫಲ ಕೊಡುತ್ತದೆ. ಥಂಡರ್‌ಬರ್ಡ್‌ನಲ್ಲಿ ಸಾಮಾನ್ಯ ಡಿಲೀಟ್ ಒತ್ತಿದರೆ ಪತ್ರ ಕಸದ ಬುಟ್ಟಿಗೆ, ಅಂದರೆ ‘ಟ್ರ್ಯಾಶ್’ ಫೋಲ್ಡರಿಗೆ ಸಾಗುತ್ತದೆ. ಜಿಮೇಲ್ ಇದನ್ನು ‘ಪತ್ರ ಬೇಡ’ ಎಂದು ಓದುತ್ತದೆ: ಎಲ್ಲ ಚೀಟಿಗಳೂ ಹೋಗಿ ಪತ್ರ ಬುಟ್ಟಿಗೆ ಬೀಳುತ್ತದೆ, 30 ದಿನದ ನಂತರ ಪೂರ್ತಿ ಇಲ್ಲವಾಗುತ್ತದೆ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದರೆ ತಂತ್ರಾಂಶ ‘ಶಾಶ್ವತವಾಗಿ ಅಳಿಸಲೇ’ ಎಂದು ಹೆದರಿಸಿ ಕೇಳುತ್ತದೆ. ಆದರೆ ಜಿಮೇಲ್‌ನ ಮೂಲ ಸೆಟ್ಟಿಂಗ್ ಹಾಗೇ ಇದ್ದರೆ ಅದರಿಂದ ಆಗುವುದು ಆ ಫೋಲ್ಡರಿನ ಚೀಟಿ ಕಿತ್ತುಹೋಗುವುದಷ್ಟೇ. ಪತ್ರ ‘ಆಲ್ ಮೇಲ್’ ರಾಶಿಯಲ್ಲಿ ಕ್ಷೇಮ. ಅತ್ತೆ ಎಂಬ ಸಂಬಂಧ ಕಡಿದರೆ ಸರೋಜಮ್ಮ ಸಾಯುವುದಿಲ್ಲವಲ್ಲ. ಬೇರೆ ಸರ್ವರ್‌ಗಳಲ್ಲಿ ಇದೇ ಶಿಫ್ಟ್-ಡಿಲೀಟ್ ಪತ್ರವನ್ನು ನಿಜಕ್ಕೂ ಶಾಶ್ವತವಾಗಿ ಅಳಿಸುತ್ತದೆ. ಒಂದೇ ಕೀಲಿ, ಎರಡು ಕಡೆ ಎರಡು ಪರಿಣಾಮ. ಇದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಬಿಟ್ಟಿರುವುದು ತಂತ್ರಾಂಶ ಬರೆಯುವವರ ದೊಡ್ಡ ಲೋಪ.

ಉಪನ್ಯಾಸಕರ ಪತ್ರಗಳಿಗೆ ಇಲ್ಲಿ ಬಿಡುಗಡೆಯಿದೆ. ಅವರು ಒತ್ತಿದ್ದು ಸಾಮಾನ್ಯ ಡಿಲೀಟ್. 30 ದಿನದೊಳಗೆ ಬುಟ್ಟಿ ತೆರೆದು, ಎಲ್ಲವನ್ನೂ ಆಯ್ದು, ಹಳೆಯ ಫೋಲ್ಡರಿಗೆ ಎಳೆದರೆ ಫೋನಿನಲ್ಲೂ ಬ್ರೌಸರಿನಲ್ಲೂ ಮಗಳ ಪತ್ರಗಳು ಮರಳುತ್ತವೆ.

ಹವೀಜ ಕೇಳಿದರೆ

ಧಾರವಾಡದಿಂದ ಬಂದವರು ಮೈಸೂರಿನ ಅಂಗಡಿಯಲ್ಲಿ ಹವೀಜ ಕೇಳಿದರೆ ಅಂಗಡಿಯವರು ಇಲ್ಲ ಅನ್ನಬಹುದು. ಅದೇ ವಸ್ತು ಧನಿಯ ಎಂಬ ಹೆಸರಿನಲ್ಲಿ ಅವರ ಕೈಯಳತೆಯಲ್ಲೇ ಇರುತ್ತದೆ. ಫೋಲ್ಡರ್‌ಗಳ ಹೆಸರಿನದೂ ಇದೇ ಪಾಡು.

ಕಳಿಸಿದ ಪತ್ರಗಳ ಫೋಲ್ಡರಿಗೆ ಒಂದು ಸರ್ವರಿನಲ್ಲಿ ‘ಸೆಂಟ್’ ಎಂದು ಹೆಸರು, ಇನ್ನೊಂದರಲ್ಲಿ ‘ಸೆಂಟ್ ಐಟಮ್ಸ್’, ಜಿಮೇಲ್‌ನಲ್ಲಿ ‘ಸೆಂಟ್ ಮೇಲ್’. ತಂತ್ರಾಂಶ ತನಗೆ ಗೊತ್ತಿರುವ ಹೆಸರು ಹುಡುಕಿ, ಸಿಗದೆ, ತಾನೇ ಒಂದು ಹೊಸದನ್ನು ಮಾಡಿಕೊಳ್ಳುತ್ತದೆ. ಕಂಪ್ಯೂಟರಿನಿಂದ ಕಳಿಸಿದ್ದು ಒಂದರಲ್ಲಿ, ಬ್ರೌಸರಿನಿಂದ ಕಳಿಸಿದ್ದು ಇನ್ನೊಂದರಲ್ಲಿ. 2011ರ ಮಾರ್ಚಿನಲ್ಲಿ ಬಂದ ವಿಸ್ತರಣೆಯೊಂದು ಇದಕ್ಕೆ ಪರಿಹಾರ ಕೊಟ್ಟಿತು: ಹೆಸರು ಏನೇ ಇರಲಿ, ‘ಇದು ಕಳಿಸಿದವುಗಳಿಗೆ’, ‘ಇದು ಕಸಕ್ಕೆ’ ಎಂದು ಸರ್ವರೇ ಫೋಲ್ಡರಿನ ಹಣೆಯ ಮೇಲೆ ಬರೆದು ತೋರಿಸಬಹುದು. ಎರಡೂ ಕಡೆಯವರು ಅದನ್ನು ಪಾಲಿಸಿದರೆ ಗೊಂದಲವಿಲ್ಲ. ಇಲ್ಲದಿದ್ದರೆ ಖಾತೆಯ ಸೆಟ್ಟಿಂಗಿನಲ್ಲಿ ಸರಿಯಾದ ಫೋಲ್ಡರನ್ನು ಕೈಯಾರೆ ತೋರಿಸಿಕೊಡಬೇಕು. ಒಮ್ಮೆ ಮಾಡಿದರೆ ಸಾಕು.

ಬ್ರೌಸರಿನಲ್ಲಿ ಮಾಡಿದ ಫೋಲ್ಡರು ಕಂಪ್ಯೂಟರಿನಲ್ಲಿ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಚಂದಾ. ಅಂಗಡಿಯಲ್ಲಿ ಹತ್ತು ಪತ್ರಿಕೆ ಇದ್ದರೂ ಚಂದಾ ಕಟ್ಟಿದ್ದು ಮಾತ್ರ ಮನೆಗೆ ಬರುವ ಹಾಗೆ, ಐಮ್ಯಾಪ್‌ನಲ್ಲಿ ಫೋಲ್ಡರ್‌ಗಳಿಗೂ ಚಂದಾ ಪಟ್ಟಿಯಿದೆ. ಥಂಡರ್‌ಬರ್ಡ್ ವಾಡಿಕೆಯಾಗಿ ಚಂದಾ ಇರುವವನ್ನು ಮಾತ್ರ ತೋರಿಸುತ್ತದೆ. ಖಾತೆಯ ಹೆಸರಿನ ಮೇಲೆ ಬಲಕ್ಲಿಕ್ ಮಾಡಿ ‘ಸಬ್‌ಸ್ಕ್ರೈಬ್’ ತೆರೆದರೆ ಅಡಗಿದ್ದವೆಲ್ಲ ಸಾಲಾಗಿ ಕಾಣುತ್ತವೆ.

‘ಮನೆ’ ಎಂಬ ಫೋಲ್ಡರು

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡಬಹುದೇ? ಧಾರಾಳವಾಗಿ. ಆದರೆ ಆ ಹೆಸರು ಸರ್ವರಿಗೆ ಹೋಗುವಾಗ ವೇಷ ಹಾಕಿಕೊಂಡು ಹೋಗುತ್ತದೆ.

ಐಮ್ಯಾಪ್ ರೂಪುಗೊಂಡ ಕಾಲದಲ್ಲಿ ತಂತಿಯ ಮೇಲೆ ನಂಬಿಕೆಯಿಂದ ಕಳಿಸಬಹುದಾಗಿದ್ದದ್ದು ಇಂಗ್ಲಿಷಿನ ಅಕ್ಷರ, ಅಂಕಿ, ಕೆಲವು ಚಿಹ್ನೆಗಳು ಮಾತ್ರ. ಮಿಕ್ಕ ಲಿಪಿಗಳ ಹೆಸರುಗಳನ್ನು ಆ ಅಕ್ಷರಗಳಲ್ಲೇ ಅಡಗಿಸಿ ಕಳಿಸುವ ಉಪಾಯವೊಂದನ್ನು ಮಾಡಿದರು. ‘ಮನೆ’ಯನ್ನೇ ನೋಡಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮ, ನ ಮತ್ತು ಎತ್ವದ ಚಿಹ್ನೆ ಎಂದು ಮೂರು ಸಂಕೇತ. ಈ ಮೂರು ಸಂಕೇತಗಳ 48 ಬಿಟ್‌ಗಳನ್ನು ಆರಾರರಂತೆ ಕತ್ತರಿಸಿದರೆ ಎಂಟು ತುಂಡು. ಒಂದೊಂದು ತುಂಡಿಗೂ ಒಂದು ರೋಮನ್ ಅಕ್ಷರ ಅಥವಾ ಅಂಕಿ. ಮೊದಲಿಗೆ & ಚಿಹ್ನೆ, ಆಮೇಲೆ ಡಿ, ಕೆ, 4, ಎಂ, ಕ್ಯೂ, ಎ, ಜಡ್, ಜಿ, ಕೊನೆಗೊಂದು ಅಡ್ಡಗೆರೆ. ಲೆಡ್ಜರಿನಲ್ಲಿ ‘ಮನೆ’ ದಾಖಲಾಗುವುದು ಈ ಹತ್ತು ಚಿಹ್ನೆಗಳಾಗಿ. ಅಂಚೆ ತಂತ್ರಾಂಶ ಅದನ್ನು ಬಿಡಿಸಿ ಮತ್ತೆ ‘ಮನೆ’ ಎಂದು ತೋರಿಸುತ್ತದೆ. ಬಿಡಿಸಲು ಬಾರದ ತಂತ್ರಾಂಶ ಸಿಕ್ಕರೆ & ಚಿಹ್ನೆಯಿಂದ ಶುರುವಾಗುವ ಆ ಅರ್ಥವಿಲ್ಲದ ಸಾಲೇ ಪರದೆಯ ಮೇಲೆ ಬರುತ್ತದೆ. ಗಾಬರಿ ಬೇಡ, ಒಳಗಿನ ಪತ್ರಗಳು ಸುರಕ್ಷಿತ. 2021ರ ಪರಿಷ್ಕರಣೆ ಬಂದ ಮೇಲೆ ವೇಷವಿಲ್ಲದೆ, ಕನ್ನಡದ ಸಂಕೇತಗಳನ್ನು ನೇರವಾಗಿ ಕಳಿಸಲು ದಾರಿಯಾಗಿದೆ.

ಹೆಸರಿನ ಬಗ್ಗೆ ಇನ್ನೊಂದೇ ಎಚ್ಚರಿಕೆ. ಫೋಲ್ಡರಿನೊಳಗಿನ ಫೋಲ್ಡರನ್ನು ಬೇರ್ಪಡಿಸಲು ಕೆಲವು ಸರ್ವರ್‌ಗಳು ಓರೆಗೆರೆ ಬಳಸುತ್ತವೆ, ಕೆಲವು ಚುಕ್ಕಿ. ಚುಕ್ಕಿ ಬಳಸುವ ಸರ್ವರಿನಲ್ಲಿ ‘2023.24’ ಎಂದು ಹೆಸರಿಟ್ಟರೆ ಅದು ನಿರಾಕರಿಸಬಹುದು, ಇಲ್ಲವೇ 2023ರ ಹೊಟ್ಟೆಯಲ್ಲಿ 24 ಎಂಬ ಫೋಲ್ಡರು ಹುಟ್ಟಬಹುದು. ಹೆಸರಿನಲ್ಲಿ ಎರಡೂ ಚಿಹ್ನೆ ಇಲ್ಲದಿರುವುದು ಕ್ಷೇಮ.

ಯಾವುದು ಸ್ವಂತದ್ದು

ಲೆಕ್ಕಪತ್ರದ ಮಹಿಳೆಯ ಫೋಲ್ಡರು ಎಲ್ಲಿ ಹೋಯಿತು ಎಂಬುದು ಇನ್ನೂ ಬಾಕಿ ಇದೆ.

ಥಂಡರ್‌ಬರ್ಡ್‌ನ ಎಡಬದಿಯಲ್ಲಿ ಇಮೇಲ್ ವಿಳಾಸದ ಕೆಳಗೆ ಒಂದು ಗುಂಪು ಫೋಲ್ಡರ್‌ಗಳು, ‘ಲೋಕಲ್ ಫೋಲ್ಡರ್ಸ್’ ಎಂಬ ತಲೆಬರಹದ ಕೆಳಗೆ ಇನ್ನೊಂದು ಗುಂಪು. ಮೊದಲನೆಯವು ಪಾಸ್‌ಬುಕ್‌ಗಳು. ಎರಡನೆಯವು ಪಾಪ್ ಕಾಲದಿಂದ ಬಂದ ಮನೆಯ ಬೀರು. ಸರ್ವರಿಗೆ ಅವುಗಳ ಗಂಧವೂ ಇಲ್ಲ. ಆಕೆ ‘ತೆರಿಗೆ’ ಮಾಡಿದ್ದು ಎರಡನೆಯ ಗುಂಪಿನಲ್ಲಿ. ಪತ್ರಗಳನ್ನು ಅಲ್ಲಿಗೆ ಎಳೆದಾಗ ತಂತ್ರಾಂಶ ಬೀರುವಿಗೆ ನಕಲು ಮಾಡಿತು, ಲೆಡ್ಜರಿನಲ್ಲಿ ಗುರುತು ಹಾಕಿತು, ಕಡಿಯಿತು. ಈಗ ಆ ಕಾಗದಗಳಿಗೆ ಜಗತ್ತಿನಲ್ಲಿ ಇರುವ ಒಂದೇ ಪ್ರತಿ ಆಕೆಯ ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ. ಮನೆಗೆ ಹೋಗಿ, ವಿಳಾಸದ ಕೆಳಗೆ ಒಂದು ‘ತೆರಿಗೆ’ ಮಾಡಿ, ಪತ್ರಗಳನ್ನು ವಾಪಸು ಎಳೆದರೆ ಅವು ಮತ್ತೆ ಲೆಡ್ಜರಿಗೆ ಸೇರಿ ಎಲ್ಲೆಡೆ ಕಾಣುತ್ತವೆ.

ಆಕೆ ತಿಳಿಯದೆ ಮಾಡಿದ ಈ ಕೆಲಸವನ್ನೇ ತಿಳಿದು ಮಾಡಿದರೆ ಅದು ಜೋಪಾನದ ಒಳ್ಳೆಯ ವಿಧಾನ. ಪಾಸ್‌ಬುಕ್ ಎಷ್ಟು ಇದ್ದರೂ ಅವು ಭದ್ರತೆಯಲ್ಲ; ಲೆಡ್ಜರಿನಲ್ಲಿ ಅಳಿದದ್ದು ಎಲ್ಲದರಲ್ಲೂ ಅಳಿಯುತ್ತದೆ. ಗೂಗಲ್ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ತಂದೆಯ ಖಾತೆ, ಯಾರೂ ತೆರೆಯದ ಹಳೆಯ ವಿಳಾಸ, ಎಲ್ಲ ಇದರೊಳಗೆ ಬರುತ್ತವೆ.

ಮನೆಯಲ್ಲಿ ಅಂಥ ಪತ್ರಗಳಿದ್ದರೆ ಈ ವಾರವೇ ಅವುಗಳ ಪ್ರತಿ ಮಾಡಿಟ್ಟುಕೊಳ್ಳಿ. ‘ಲೋಕಲ್ ಫೋಲ್ಡರ್ಸ್’ ಕೆಳಗೆ ಒಂದು ಫೋಲ್ಡರ್ ಮಾಡಿ, ಎಳೆಯುವ ಬದಲು ಬಲಕ್ಲಿಕ್ ಮಾಡಿ ‘ಕಾಪಿ ಟು’ ಬಳಸಿ. ಎರಡೂ ಕಡೆ ಪತ್ರಗಳ ಎಣಿಕೆ ಒಂದೇ ಇದೆಯೇ ನೋಡಿ, ಒಂದೆರಡನ್ನು ತೆರೆದು ಓದಿ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ಅದು ಈ ಪತ್ರಗಳನ್ನೆಲ್ಲ ಡಿಸ್ಕಿನಲ್ಲಿ ಕೂಡಿಡುವ ‘ಪ್ರೊಫೈಲ್’ ಎಂಬ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ಹಾಕಿ ಬೀರುವಿನಲ್ಲಿಡಿ.